ನಮ್ಮೂರ ಚಂದ್ರ ಇನ್ನೂ ಬಂದಿಲ್ಲ

ಗೋದೂಬಾಯಿ ಹುಟ್ಟಿದ್ದು ಗದಗಿನಲ್ಲಿ, ಬಾಳಿದ್ದು ತಿನ್ಸುಕಿಯಾದಲ್ಲಿ.

ಮಕ್ಕಳೇ, ಭಾರತದ ನಕಾಶೆ ಬಿಡಿಸಿ ನೋಡಿ. ಬಲಗಡೆಯ ಮೇಲಿನ ಮೂಲೆಯಲ್ಲಿ, ಅಸ್ಸಾಮಿನ ತುದಿಯಲ್ಲಿ ತಿನ್ಸುಕಿಯಾ ಇದೆ. ಗದಗ ಎಡಗಡೆ, ಬಹಳ ಕೆಳಗೆ. ನಕಾಶೆಯ ಮೇಲೆ ಅಳೆದರೆ ಎರಡರ ನಡುವೆ ಒಂದು ಗೇಣು. ಆ ಗೇಣು ಎಷ್ಟು ಉದ್ದ ಎನ್ನುವುದು ರೈಲಿನಲ್ಲಿ ಕೂತು ಹೋದವರಿಗೆ ಮಾತ್ರ ಗೊತ್ತು.

ಗೋದೂಬಾಯಿಯ ಗಂಡ ವಸಂತರಾಯರು ಗೂಡ್ಸ್ ಗಾಡಿಯ ಗಾರ್ಡು. ಗಾಡಿ ಹತ್ತಿದರೆಂದರೆ ಎರಡು ದಿನ, ಮೂರು ದಿನ ಮನೆಯ ಕಡೆ ಸುಳಿವಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಅಸ್ಸಾಮಿಯವರಿದ್ದರು, ಬಂಗಾಳಿಗಳಿದ್ದರು, ಬಿಹಾರದವರಿದ್ದರು. ಕನ್ನಡದವರು ಇವರೊಬ್ಬರೇ. ಗಂಡ ಊರಲ್ಲಿಲ್ಲದ ದಿನ ಗೋದೂಬಾಯಿ ಕನ್ನಡದಲ್ಲಿ ಮಾತಾಡುತ್ತಿದ್ದುದು ದೇವರ ಜೊತೆ, ಇಲ್ಲವೇ ಉಕ್ಕುವ ಹಾಲಿನ ಜೊತೆ. ಇನ್ನು ತಿಂಗಳಿಗೊಂದು ಸಲ, ಸಂಕಷ್ಟಿಯ ದಿನ, ಅಕ್ಕನ ಜೊತೆ.

ಸಂಕಷ್ಟಿ ಎಂದರೆ ಹುಣ್ಣಿಮೆ ಕಳೆದ ಮೇಲೆ ಬರುವ ಚೌತಿ. ಅಂದು ಹಗಲೆಲ್ಲ ಉಪವಾಸ. ಸಂಜೆ ಗಣಪತಿಗೆ ಗರಿಕೆ ಏರಿಸಿ, ಮೋದಕ ಮಾಡಿ, ಚಂದ್ರ ಮೂಡುವುದನ್ನು ಕಾಯಬೇಕು. ಚಂದ್ರನನ್ನು ನೋಡಿದ ಮೇಲೆಯೇ ಊಟ. ಗದಗಿನ ಮನೆಯಲ್ಲಿ ಗೋದೂಬಾಯಿ ಮತ್ತು ಅವಳ ಅಕ್ಕ ಪದ್ದಕ್ಕ ಮಾಳಿಗೆ ಹತ್ತಿ ಕಾಯುತ್ತಿದ್ದರು. ಹತ್ತಿ ಗಿರಣಿಯ ಚಿಮಣಿಯ ಹಿಂದಿನಿಂದ ಚಂದ್ರ ಮೆಲ್ಲಗೆ ಇಣುಕುತ್ತಿದ್ದ. "ಮೊದಲು ನಾ ನೋಡಿದೆ" ಎಂದು ಇಬ್ಬರೂ ಕಿತ್ತಾಡುತ್ತಿದ್ದರು.

ಮದುವೆಯಾಗಿ ಬಂದ ಮೊದಲ ಸಂಕಷ್ಟಿಯಂದು ಗೋದೂಬಾಯಿಗೆ ಒಂದು ಬೆರಗು ಕಾದಿತ್ತು. ಊರಿಂದ ತಂದಿದ್ದ ಕ್ಯಾಲೆಂಡರಿನಲ್ಲಿ ಚಂದ್ರೋದಯ ಒಂಬತ್ತಕ್ಕೆ ಎಂದಿತ್ತು. ತಿನ್ಸುಕಿಯಾದಲ್ಲಿ ಎಂಟಕ್ಕೆ ಮುಂಚೆಯೇ ಚಂದ್ರ ಬಂದು ನೀರಿನ ಟಾಕಿಯ ಮೇಲೆ ಕೂತಿದ್ದ. ಊರಿಗೆ ಹೋದಾಗ ಅಕ್ಕನಿಗೆ ಅದನ್ನು ಹೇಳಿದಳು. ಪದ್ದಕ್ಕ ನಕ್ಕಳು.

"ಅಂವಾ ನಿಮ್ಮ ಅಸ್ಸಾಮಿನ ಚಂದ್ರ, ಗೋದಿ. ಗಡಿಬಿಡಿ ಮನಿಷಾ. ನಮ್ಮೂರ ಚಂದ್ರ ತಡಾ ಮಾಡಿ ಬರ್ತಾನ. ನೀ ನಮ್ಮ ಚಂದ್ರ ಬರೂತನಕಾ ಕಾಯಿ. ಇಬ್ಬರೂ ಕೂಡೇ ಉಂಡಾಂಗ ಆಗ್ತದ."

ಅದು ತಮಾಷೆಯ ಮಾತು. ಆದರೆ ದೂರ ಹೋದವರಿಗೆ ತಮಾಷೆಯ ಮಾತೂ ವ್ರತವಾಗುತ್ತದೆ. ಅಂದಿನಿಂದ ಗೋದೂಬಾಯಿ ಕಣ್ಣೆದುರಿನ ಚಂದ್ರನಿಗೆ ಬೆನ್ನು ಮಾಡಿ, ಕ್ಯಾಲೆಂಡರಿನ ಚಂದ್ರನಿಗೆ ಕಾಯತೊಡಗಿದಳು. ಮನೆಗೆ ಫೋನು ಬಂದ ಮೇಲೆ ಸರಿಯಾಗಿ ಆ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು.

"ಬಂದಾ ನೋಡು, ಗೋದಿ."

"ಬಂದಾನೇನಕ್ಕ?"

"ಹೂಂ, ನಡಿ ಊಟಕ್ಕ."

ಅಷ್ಟೇ ಮಾತು. ಅಷ್ಟಕ್ಕೆ ಆ ತಿಂಗಳು ಸಾಗುತ್ತಿತ್ತು. ಪ್ರತಿ ವರ್ಷ ಹೊಸ ಕ್ಯಾಲೆಂಡರನ್ನೂ ಪದ್ದಕ್ಕನೇ ಅಂಚೆಯಲ್ಲಿ ಕಳಿಸುತ್ತಿದ್ದಳು.

ಈ ಆಷಾಢದಲ್ಲಿ ಪದ್ದಕ್ಕ ತೀರಿಕೊಂಡಳು. ಕ್ಯಾಲೆಂಡರು ಮಾತ್ರ ಗೋಡೆಯ ಮೇಲೆ ಉಳಿಯಿತು. ಶ್ರಾವಣದ ಸಂಕಷ್ಟಿಗೆ ಫೋನು ಬರಲಿಲ್ಲ. ಭಾದ್ರಪದಕ್ಕೂ ಬರಲಿಲ್ಲ. ಆದರೂ ಗೋದೂಬಾಯಿ ಆ ಹೊತ್ತಿನವರೆಗೆ ಕಾದು, ಸುಮ್ಮನಿದ್ದ ಫೋನನ್ನು ಒಮ್ಮೆ ನೋಡಿ, ಒಬ್ಬಳೇ ಉಣ್ಣುತ್ತಿದ್ದಳು. ತಣ್ಣಗಾದ ಅನ್ನ, ತಣ್ಣಗಾದ ಮೋದಕ.

ಪಕ್ಕದ ಮನೆಯಲ್ಲಿ ನಿರುಪಮಾ ಎಂಬ ನರ್ಸು ಇದ್ದಳು. ಆಸ್ಪತ್ರೆಯಲ್ಲಿ ಸಂಜೆ ಪಾಳಿ ಇದ್ದ ದಿನ ತನ್ನ ಮಗಳನ್ನು ಗೋದೂಬಾಯಿಯ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಮಗಳ ಹೆಸರು ಜೋನಾಕಿ, ಐದನೆಯ ಕ್ಲಾಸು. ಅಸ್ಸಾಮಿನಲ್ಲಿ ಅಜ್ಜಿಗೆ 'ಆಯ್ತಾ' ಎನ್ನುತ್ತಾರೆ. ಹುಡುಗಿ ಬಾಗಿಲಲ್ಲಿ ನಿಂತು "ಆಯ್ತಾ?" ಎಂದು ಕೂಗಿದರೆ, ಗೋದೂಬಾಯಿ ಒಲೆಯ ಮುಂದಿನಿಂದಲೇ "ಇನ್ನೂ ಆಗಿಲ್ಲವ್ವಾ, ಬಾ" ಎಂದು ತಾನೊಬ್ಬಳೇ ನಗುತ್ತಿದ್ದಳು. ಆ ನಗೆಯನ್ನು ಹಂಚಿಕೊಳ್ಳಲು ಕನ್ನಡ ಬಲ್ಲವರು ಅಲ್ಲಿ ಯಾರಿದ್ದರು? ಇಬ್ಬರ ಮಾತೂ ಅರ್ಧ ಹಿಂದಿ, ಅರ್ಧ ಅಸ್ಸಾಮಿ. ನಿಮಗೆ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಕಾರ್ತಿಕದ ಸಂಕಷ್ಟಿ ಬಂತು. ಚಳಿಗಾಲದಲ್ಲಿ ತಿನ್ಸುಕಿಯಾದಲ್ಲಿ ಐದು ಗಂಟೆಗೇ ಕತ್ತಲು. ವಸಂತರಾಯರು ಗಾಡಿಯ ಮೇಲೆ ಹೋಗಿದ್ದರು. ಜೋನಾಕಿ ಅಡುಗೆಮನೆಯಲ್ಲಿ ಚಾಪೆ ಹಾಸಿ ಕೂತು ಬಾಯಿಪಾಠ ಮಾಡುತ್ತಿದ್ದಳು. ಮರುದಿನ ಅವಳು ಕ್ಲಾಸಿನಲ್ಲಿ ಚಂದ್ರನ ಬಗ್ಗೆ ಮಾತಾಡಬೇಕಿತ್ತು.

"ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಅವನ ಮೇಲೆ ಬಿದ್ದು ನಮ್ಮ ಕಡೆ ಬರುತ್ತದೆ. ಚಂದ್ರ ಭೂಮಿಯ ಸುತ್ತ ತಿರುಗುತ್ತಾನೆ. ತಿರುಗುವಾಗ ಯಾವಾಗಲೂ ಒಂದೇ ಮುಖ ನಮಗೆ ತೋರಿಸುತ್ತಾನೆ. ಅವನ ಬೆನ್ನು ನಮಗೆ ಕಾಣುವುದೇ ಇಲ್ಲ."

"ಮಾವನ ಮುಂದ ಬೆನ್ನು ತಿರುಗಿಸದ ಸೊಸಿ ಇದ್ದಾಂಗ," ಎಂದಳು ಗೋದೂಬಾಯಿ, ಮೋದಕಕ್ಕೆ ಹೂರಣ ತುಂಬುತ್ತ.

"ನಡುವೆ ಮಾತಾಡಬೇಡ ಆಯ್ತಾ, ಮರೆತುಹೋಗುತ್ತೆ! ಚಂದ್ರ ಪ್ರತಿದಿನ ಸಂಜೆ ಪೂರ್ವದಲ್ಲಿ ಹುಟ್ಟುತ್ತಾನೆ."

"ತಪ್ಪು."

"ಯಾಕೆ ತಪ್ಪು?"

"ಪ್ರತಿದಿನ ಸಂಜಿಗೆ ಬರಲಿಕ್ಕೆ ಅಂವಾ ಏನು ಹಾಲಿನವನ? ಹುಣ್ಣಿಮಿ ದಿನ ಸೂರ್ಯ ಮುಳುಗೂ ಹೊತ್ತಿಗೆ ಬರ್ತಾನ. ಆಮ್ಯಾಲೆ ದಿನಾ ಸುಮಾರು ಎರಡು ಗಳಿಗಿ ತಡಾ. ಮೂವತ್ತು ವರ್ಷ ಹೊಟ್ಟಿ ಹಸಕೊಂಡು ಕಾದಾಕಿ ನಾ. ನಂಗ ಗೊತ್ತಿಲ್ಲೇನು?"

ಜೋನಾಕಿ ಪುಸ್ತಕ ತಿರುವಿದಳು. ಅಲ್ಲಿಯೂ ಹಾಗೇ ಇತ್ತು: ಚಂದ್ರ ಭೂಮಿಯ ಸುತ್ತ ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತಾನೆ, ಅದಕ್ಕೇ ದಿನಾ ತಡ. "ಸರಿ, ಸರಿ," ಎಂದು ಒಪ್ಪಿಕೊಂಡು ಮುಂದುವರಿಸಿದಳು. "ಚಂದ್ರನ ಮೇಲೆ ಗಾಳಿ ಇಲ್ಲ. ಅದಕ್ಕೇ ಅಲ್ಲಿ ಸದ್ದೂ ಇಲ್ಲ. ಅಲ್ಲಿ ನಿಂತು ಯಾರಾದರೂ ಕೂಗಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ."

ಗೋದೂಬಾಯಿಯ ಕೈ ನಿಂತಿತು. ಕೂಗಿದರೂ ಕೇಳಿಸದ ಊರು. ಅಂಥ ಊರಿನಲ್ಲಿ ಇರುವುದು ಹೇಗೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಏಳು ಗಂಟೆಯ ಸುಮಾರಿಗೆ ಅವಳು ಹುಡುಗಿಗೆ ತಾಟು ಹಾಕಿದಳು. ಬಿಸಿ ಅನ್ನ, ತೊವ್ವೆ, ಎರಡು ಮೋದಕ. ಆಮೇಲೆ ತೊಳೆಯಲೆಂದು ಹುಡುಗಿಯ ಶಾಲೆಯ ಡಬ್ಬಿ ತೆಗೆದಳು. ಡಬ್ಬಿಯೊಳಗೆ ರೊಟ್ಟಿ, ಪಲ್ಯ, ಹಾಕಿದ್ದು ಹಾಕಿದಂತೆಯೇ ಇತ್ತು.

"ಏನಿದು? ಮಧ್ಯಾಹ್ನ ಉಣಲಿಲ್ಲೇನು?"

"ಇವತ್ತು ನನ್ನದೂ ಉಪವಾಸ," ಎಂದಳು ಜೋನಾಕಿ.

"ಯಾರು ಮಾಡಂದ್ರು?"

"ಯಾರೂ ಅನ್ನಲಿಲ್ಲ. ನಮ್ಮ ಕಿಟಕಿಯಿಂದ ನೀನು ಕಾಣುತ್ತೀಯ. ಈ ದಿನ ನೀನು ಯಾವಾಗಲೂ ಒಬ್ಬಳೇ ಉಣ್ಣುತ್ತೀಯ, ಗೋಡೆ ನೋಡಿಕೊಂಡು. ಇವತ್ತು ನಿನ್ನ ಜೊತೆ ಉಣ್ಣುತ್ತೇನೆ."

ಗೋದೂಬಾಯಿ ತಾಟನ್ನು ಅವಳ ಮುಂದೆ ಸರಿಸಿದಳು. "ಹುಚ್ಚಿ, ನೀ ಉಣ್ಣು. ನಂದು ತಡಾ ಅದ. ಚಂದ್ರ ಬರಬೇಕು."

ಜೋನಾಕಿ ಅವಳ ಕೈ ಹಿಡಿದು ಅಂಗಳಕ್ಕೆ ಎಳೆದಳು. ನೀರಿನ ಟಾಕಿಯ ಮೇಲೆ ಚಂದ್ರ ಬಂದಾಗಿತ್ತು. ಒಂದು ಅಂಚು ಸವೆದಿತ್ತು, ಆದರೂ ಅಂಗಳವೆಲ್ಲ ಬೆಳಗಿತ್ತು.

"ಬಂದನಲ್ಲ! ನಡಿ ಊಟಕ್ಕೆ."

"ಇಂವಾ ಅಲ್ಲ," ಎಂದಳು ಗೋದೂಬಾಯಿ. "ನಮ್ಮೂರ ಚಂದ್ರ ಇನ್ನೂ ಬಂದಿಲ್ಲ. ಕ್ಯಾಲೆಂಡರದಾಗ ಎಂಟೂವರಿ ಅಂತ ಅದ."

ಜೋನಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆಯ್ತಾ, ಭೂಮಿಗೆ ಇರುವುದು ಒಬ್ಬನೇ ಚಂದ್ರ. ಇದು ಮೂರನೆಯ ಕ್ಲಾಸಿನ ಪಾಠ!"

"ನಿಮ್ಮ ಪಾಠದಾಗ ಒಬ್ಬನೇ ಇರಬಹುದು."

ಹುಡುಗಿ ಒಳಗೆ ಓಡಿ ದೇವರ ಮುಂದಿನ ಹಿತ್ತಾಳೆಯ ತಂಬಿಗೆ ತಂದಳು, ಕುಂಕುಮದ ಬಟ್ಟಲು ತಂದಳು. ತಂಬಿಗೆಯ ದುಂಡು ಹೊಟ್ಟೆಯ ಮೇಲೆ ಕುಂಕುಮದಿಂದ ಒಂದು ಬೊಟ್ಟಿಟ್ಟಳು. "ಇದು ತಿನ್ಸುಕಿಯಾ." ಅದರ ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ಬೆರಳಿನಷ್ಟು ದೂರದಲ್ಲಿ ಇನ್ನೊಂದು ಬೊಟ್ಟು. "ಇದು ನಿನ್ನ ಗದಗ. ತಂಬಿಗೆ ಭೂಮಿ. ಈ ಮೋದಕ ಚಂದ್ರ. ನೀನು ಇದನ್ನು ಹಿಡಿದುಕೊಂಡು ದೂರ ನಿಲ್ಲು. ಅಲ್ಲಾಡಿಸಬೇಡ, ತಿನ್ನಲೂಬೇಡ."

ಗೋದೂಬಾಯಿ ಮೋದಕ ಹಿಡಿದು ನಿಂತಳು. ಜೋನಾಕಿ ತಂಬಿಗೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಮೆಲ್ಲಗೆ ತಿರುಗಿಸಿದಳು. ಎರಡೂ ಬೊಟ್ಟುಗಳು ತಂಬಿಗೆಯ ಆಚೆ ಮರೆಯಾದವು. ಇನ್ನಷ್ಟು ತಿರುಗಿಸಿದಾಗ ತಿನ್ಸುಕಿಯಾದ ಬೊಟ್ಟು ಮೊದಲು ಅಂಚಿನಿಂದ ಇಣುಕಿ ಮೋದಕಕ್ಕೆ ಎದುರಾಯಿತು. ಗದಗಿನ ಬೊಟ್ಟು ಇನ್ನೂ ಮರೆಯಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದೂ ಬಂತು.

"ನೋಡಿದೆಯಾ? ಚಂದ್ರ ಅಲ್ಲೇ ಇದ್ದ. ತಿರುಗಿದ್ದು ಭೂಮಿ. ನಾವು ಪೂರ್ವದಲ್ಲಿದ್ದೇವೆ, ಅದಕ್ಕೇ ಮೊದಲು ನಮಗೆ. ಗಡಿಯಾರ ಎರಡು ಊರಿಗೂ ಒಂದೇ, ಆದರೆ ಮೂಡುವ ಹೊತ್ತು ಬೇರೆ."

ಗೋದೂಬಾಯಿ ತಂಬಿಗೆಯನ್ನು ತನ್ನ ಕೈಗೆ ತೆಗೆದುಕೊಂಡಳು. ತಾನೇ ಒಮ್ಮೆ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ಪ್ರತಿ ಸಲವೂ ತಿನ್ಸುಕಿಯಾ ಮುಂದೆ, ಗದಗ ಹಿಂದೆ.

ಇಷ್ಟು ವರ್ಷ ಅವಳು ಊರ ಚಂದ್ರ ಬರಲಿ ಎಂದು ಬಾಗಿಲು ಕಾಯ್ದಿದ್ದಳು. ಬೇರೊಬ್ಬ ಚಂದ್ರ ಬರುವುದೇನೂ ಇರಲಿಲ್ಲ. ಅವನು ಮೊದಲು ಇವಳ ಅಂಗಳಕ್ಕೆ ಬಂದು, ಆಮೇಲೆ ಅಕ್ಕನ ಮಾಳಿಗೆಗೆ ಹೋಗುತ್ತಿದ್ದ.

"ಆದ್ರೂ ಅಲ್ಲೆ ಕಾಯ್ತಿರ್ತಾರವ್ವಾ," ಎಂದಳು, ದನಿ ತಗ್ಗಿಸಿ.

"ಯಾರು ಕಾಯುತ್ತಿದ್ದಾರೆ?"

ಗೋದೂಬಾಯಿಯ ಕಣ್ಣ ಮುಂದೆ ಮಾಳಿಗೆ ಬಂತು. ಗಿರಣಿಯ ಚಿಮಣಿ ಬಂತು. ಮಾಳಿಗೆಯ ಮೇಲೆ ಯಾರೂ ಇರಲಿಲ್ಲ.

ಜೋನಾಕಿ ತಾನು ಏನು ಕೇಳಿಬಿಟ್ಟೆ ಎಂದು ತಿಳಿಯದೆ ಒಳಗೆ ಹೋಗಿ ನೆಲದ ಮೇಲೆ ಕೂತು ಹೊಟ್ಟೆ ಒತ್ತಿಕೊಂಡಳು. ಹಸಿವಿಗೆ ಮುಖ ಬಾಡಿತ್ತು. ಆದರೂ ತಾಟಿನ ಕಡೆ ನೋಡಲಿಲ್ಲ. "ಎಂಟೂವರೆಗೆ ಇನ್ನೂ ಎಷ್ಟು ಹೊತ್ತಿದೆ ಆಯ್ತಾ?" ಎಂದಳು. "ಪರವಾಗಿಲ್ಲ, ನಾನೂ ಕಾಯುತ್ತೇನೆ."

ಗೋಡೆಯ ಮೇಲೆ ಅಕ್ಕ ಕಳಿಸಿದ ಕೊನೆಯ ಕ್ಯಾಲೆಂಡರು. ನೆಲದ ಮೇಲೆ ಹಸಿದ ಮಗು. ಈಗ ಉಂಡರೆ ಅಕ್ಕನ ಜೊತೆಗಿನ ಊಟ ಇವತ್ತಿಗೆ ಮುಗಿಯಿತು. ಉಣ್ಣದಿದ್ದರೆ ಈ ಕೂಸು ಇವಳಿಗಾಗಿ ಹಸಿದು ಕೂರುತ್ತದೆ. ಹಿಂದೆಯೇ ಒಳಗೆ ಬಂದ ಗೋದೂಬಾಯಿ ಕ್ಯಾಲೆಂಡರನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

"ಏಳವ್ವಾ, ಜೋನಾಕಿ. ಬಂದಾನ, ನಡಿ."

ಅಂಗಳದಲ್ಲಿ ನಿಂತು ಅದೇ ತಂಬಿಗೆಯ ನೀರಿನಿಂದ ಚಂದ್ರನಿಗೆ ಅರ್ಘ್ಯ ಬಿಟ್ಟಳು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ತಿನ್ಸುಕಿಯಾದ ಚಂದ್ರನ ಮುಖವನ್ನು ನೆಟ್ಟಗೆ ನೋಡಿದಳು. ಅದೇ ಮುಖ. ಅದೇ ಮೊಲ. ಗದಗಿನಲ್ಲಿ ಎಲ್ಲಿತ್ತೋ ಆ ಕಪ್ಪು ಅಲ್ಲಿಯೇ ಇತ್ತು.

ಇಬ್ಬರೂ ಎದುರುಬದುರು ಕೂತು ಉಂಡರು. ಅನ್ನ ಇನ್ನೂ ಬಿಸಿಯಿತ್ತು. ಜೋನಾಕಿ ಒಂದರ ಮೇಲೊಂದು ಮೋದಕ ತಿನ್ನುತ್ತ, "ಇದು ಅಷ್ಟಮಿ," ಎಂದು ಅರ್ಧ ಕಚ್ಚಿದ್ದನ್ನು ತೋರಿಸಿದಳು. "ಇದು ಅಮಾವಾಸ್ಯೆ," ಎಂದು ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡಳು. ಗೋದೂಬಾಯಿ ನಕ್ಕಳು. ಈ ಸಲ ಒಬ್ಬಳೇ ನಗಲಿಲ್ಲ.

ಎಂಟೂವರೆಗೆ ಹುಡುಗಿ ನಿದ್ದೆ ಹೋಗಿದ್ದಳು. ಫೋನು ಸುಮ್ಮನಿತ್ತು. ಗೋದೂಬಾಯಿ ಒಬ್ಬಳೇ ಅಂಗಳಕ್ಕೆ ಬಂದಳು. ಚಂದ್ರ ಟಾಕಿಯನ್ನು ಬಿಟ್ಟು ಮೇಲೇರಿದ್ದ. ಇದೇ ಹೊತ್ತಿಗೆ ಅಲ್ಲಿ ಗಿರಣಿಯ ಚಿಮಣಿಯ ಹಿಂದಿನಿಂದ ಇಣುಕುತ್ತಿರುತ್ತಾನೆ. ಅವಳು ಕೈಯೆತ್ತಿದಳು, ಹೊರಟ ರೈಲಿಗೆ ಎತ್ತುವ ಹಾಗೆ.

"ನಾನಽ ಮೊದಲು ನೋಡಿದೆ, ಅಕ್ಕ," ಎಂದಳು. ಆಮೇಲೆ ಚಂದ್ರನಿಗೆ ಹೇಳಿದಳು: "ಮಾಳಿಗಿ ಮ್ಯಾಲೆ ಯಾರೂ ಇರಲಿಕ್ಕಿಲ್ಲಪ್ಪಾ. ಆದ್ರೂ ಹೋಗಿ ಬಾ."

ಒಳಗೆ ಬಂದು, ಉಳಿದ ಅನ್ನವನ್ನು ಬಿಸಿಗಿಟ್ಟಳು. ಎರಡು ಮೋದಕ ತೆಗೆದು ಬಟ್ಟಲಲ್ಲಿ ಮುಚ್ಚಿಟ್ಟಳು. ಪಾಳಿ ಮುಗಿಸಿ ನಿರುಪಮಾ ಹಸಿದು ಬರುವ ಹೊತ್ತಾಗಿತ್ತು.

ನೀತಿ: ಭೂಮಿಗೆ ಇರುವುದು ಒಬ್ಬನೇ ಚಂದ್ರ, ಒಂದೂರಿಗೆ ಮೊದಲು ಕಾಣುತ್ತಾನೆ, ಇನ್ನೊಂದೂರಿಗೆ ಆಮೇಲೆ. ಬಿಟ್ಟು ಬಂದ ಊರನ್ನು ಮರೆಯಬೇಕಿಲ್ಲ. ಆದರೆ ಅಲ್ಲಿಯ ಚಂದ್ರನಿಗಾಗಿ ಕಾಯುತ್ತ, ಇಲ್ಲಿ ನಮಗಾಗಿ ಹಸಿದು ಕೂತವರನ್ನು ಕಾಯಿಸಬಾರದು.