ತಂತಿಯವನ ಚರ್ಮದ ಚೀಲ

ಚರ್ಮದ ವಿಷಯದಲ್ಲಿ ಬೆಳಗಾವಿಯಲ್ಲೇ ನನ್ನನ್ನು ಮೀರಿಸುವವರಿಲ್ಲ ಅಂತ ನಾನು ನಂಬಿದ್ದ ಕಾಲವೊಂದಿತ್ತು. ಆಗ ನನಗೆ ಇಪ್ಪತ್ತೆಂಟು ವರ್ಷ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನಂತೂ ಅರ್ಧ ಕೊಡ. ಮಕ್ಕಳೇ, ಈ ಕಥೆಯಲ್ಲಿ ದಡ್ಡ ಯಾರು ಅಂತ ನೀವು ಹುಡುಕಬೇಕಾಗಿಲ್ಲ.

ಸೈನ್ಯದ ಕ್ಯಾಂಪಿನ ಹತ್ತಿರ ನಾಮದೇವಪ್ಪ ಜೀನಗಾರರ ಅಂಗಡಿ. ನಾನು ಅವರಲ್ಲಿ ಕೆಲಸ ಕಲಿತವನು. ಅವರು ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಕುದುರೆಯ ಜೀನು, ಪಟ್ಟಿ, ಚೀಲ ಹೊಲಿದವರು. ನಿವೃತ್ತರಾದ ಸೈನಿಕರು, ಅವರ ಮನೆಯವರು ಹಳೆಯ ಸಾಮಾನು ತಂದು, ‘ಇದು ಏನ್ರಿ ಮಾಸ್ತರ?’ ಅಂತ ಕೇಳುತ್ತಿದ್ದರು. ಮಾಸ್ತರರು ಮೊದಲು ಚಹಾ ತರಿಸುತ್ತಿದ್ದರು. ಬಂದವರು ತಮ್ಮ ಅಪ್ಪನ ಕಥೆ, ಅಜ್ಜನ ಕಥೆ ಎಲ್ಲ ಹೇಳಿ ಮುಗಿಸಬೇಕು. ಆಮೇಲೆಯೇ ಅವರು ಸಾಮಾನು ಮುಟ್ಟುವುದು. ಜೇನುಮೇಣ, ಹಸಿ ತೊಗಲು, ಚಹಾ, ಮೂರರ ವಾಸನೆ ಬೆರೆತ ಆ ಅಂಗಡಿ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಆಗ ಮಾತ್ರ ಆ ಚಹಾದ ಪದ್ಧತಿ ನನಗೆ ಬರೀ ಕಾಲಹರಣ ಅನಿಸುತ್ತಿತ್ತು.

ಒಮ್ಮೆ ಮಾಸ್ತರರು ಮದುವೆಗೆಂದು ಕೊಲ್ಹಾಪುರಕ್ಕೆ ಹೋದರು. ಅಂದೇ ಬೈಲಹೊಂಗಲದ ಕಡೆಯಿಂದ ಬಾಳವ್ವ ಅನ್ನುವ ಹೆಂಗಸು ಬಂದಳು. ಮೂವತ್ತರ ಆಸುಪಾಸಿನ ವಯಸ್ಸು. ಸೆರಗಿನಲ್ಲಿ ಸುತ್ತಿದ್ದ ಕಪ್ಪಗಾದ ಚರ್ಮದ ಚೀಲವೊಂದನ್ನು ತೆಗೆದು ಮುಂದಿಟ್ಟಳು.

“ನಮ್ಮಪ್ಪಂದ್ರಿ. ನಾ ಹುಟ್ಟಿದಾಗ ಅವ ಬರ್ಮಾದ ಲಡಾಯಿದಾಗಿದ್ದ. ತಿರುಗಿ ಬರಲಿಲ್ಲ. ಬಂದಿದ್ದು ಇದೊಂದs. ಅವ ಅಲ್ಲಿ ಏನ್ ಕೆಲಸಾ ಮಾಡತಿದ್ದ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಇದರ ಒಳಗ...”

“ಏನೂ ಹೇಳಬ್ಯಾಡವಾ,” ಅಂದೆ. “ನೀ ಹೇಳಿದ ಮ್ಯಾಲೆ ಗುರುತಿಸಿದ್ರ ಅದೇನು ವಿದ್ಯಾ? ನಾಳಿ ಬಾ. ಎಲ್ಲಾ ನಾನs ಹೇಳತೀನಿ.”

ಅವಳು ಏನೋ ಅನ್ನಲು ಬಾಯಿ ತೆರೆದಳು. ನಾನಾಗಲೇ ಚೀಲ ಎತ್ತಿಕೊಂಡಿದ್ದೆ. ಪಾಪ, ಕೈಮುಗಿದು ಹೋದಳು.

ಚೀಲದಲ್ಲಿ ಎರಡು ಗೂಡು. ಒಂದು ಅಗಲ, ಒಂದು ಸಪೂರ. ಅಗಲ ಗೂಡಿನ ತಳದಲ್ಲಿ ಎರಡು ಹಿಡಿಕೆ ಒತ್ತಿ ಒತ್ತಿ ಮಾಡಿದ ಗುಣಿ ಇತ್ತು. ಅದು ಇಕ್ಕಳದ್ದು. ಸಪೂರ ಗೂಡಿನಲ್ಲಿ ಚಾಕು ಇಡುತ್ತಿದ್ದರು. ಹಿಂದೆ ಬೆಲ್ಟಿನ ಕುಣಿಕೆ, ಅದರ ಕೆಳಗೆ ಇಸವಿ ಮತ್ತು ಮಿಲಿಟರಿ ಸಾಮಾನಿಗೆ ಒತ್ತುವ ಬಾಣದ ಗುರುತಿನ ಮುದ್ರೆ. ಇದು ದಂಡಿನಲ್ಲಿ ಟೆಲಿಫೋನ್ ತಂತಿ ಎಳೆದು, ಕತ್ತರಿಸಿ ಕೂಡಿಸುವವರ ಚೀಲವೇ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಹಿಡಿದುಬಿಟ್ಟಿದ್ದೆ, ಅದೂ ಸರಿಯಾಗಿಯೇ.

ಅಷ್ಟಕ್ಕೆ ಕೈಕಟ್ಟಿ ಕುಳಿತಿದ್ದರೆ ಆಗುತ್ತಿತ್ತು. ಹೆಣ್ಣುಮಗಳು ಇಷ್ಟು ದೂರದಿಂದ ಬಂದಿದ್ದಾಳೆ, ಹೊಸದರಂತೆ ಮಾಡಿ ಕೊಡೋಣ ಅಂತ ಹುಮ್ಮಸ್ಸು ಬಂತು. ಎಣ್ಣೆ ಹಚ್ಚಿದೆ, ಪಾಲಿಶ್ ಹೊಡೆದೆ. ಮುಚ್ಚಳದ ಒಳಮೈಯಲ್ಲಿ ಜಿಡ್ಡು ಕಟ್ಟಿ, ಮೊಳೆ ತಾಗಿದಂತೆ ಗೀರು ಬಿದ್ದಿದ್ದವು. ಬೆಳಕಿಗೂ ಹಿಡಿದು ನೋಡದೆ ಗಾಜಿನ ಚೂರು ತೆಗೆದುಕೊಂಡು ನುಣ್ಣಗೆ ಹೆರೆದೆ.

ಮರುದಿನ ಬಾಳವ್ವ ಬರುವ ಹೊತ್ತಿಗೆ ಮಾಸ್ತರರೂ ಊರಿಂದ ಬಂದು ಕುಳಿತಿದ್ದರು. ನಾನು ಎದೆಯುಬ್ಬಿಸಿ ಹೇಳಿದೆ. “ನಿಮ್ಮಪ್ಪ ಟೆಲಿಫೋನ್ ತಂತಿ ಎಳಿಯೋ ಕೆಲಸದಾಗ ಇದ್ದನವಾ. ತಂತಿ ಹರಿದಲ್ಲೆಲ್ಲಾ ಹೋಗಿ ಕೂಡಿಸತಿದ್ದ. ಅವ ಕೂಡಿಸಿದ್ರ ಮಾತು ದಾಟತಿತ್ತು.”

ಅವಳ ಕಣ್ಣು ತುಂಬಿತು. “ನಮ್ಮವ್ವ ಇದನ್ನ ಕೇಳಾಕ ಇರಬೇಕಾಗಿತ್ತು,” ಅಂದಳು. ನಕ್ಕಳು, ಅತ್ತಳು. ಮಾಸ್ತರರು ನನ್ನ ಬೆನ್ನು ತಟ್ಟಿದರು. ಆಮೇಲೆ ಅವಳು, “ಮಾಸ್ತರ, ನಿಮಗೊಂದು ತೋರಸ್ತೀನಿ,” ಅಂತ ಮುಚ್ಚಳ ಎತ್ತಿದಳು.

ಒಳಗೆ ಬೆರಳಾಡಿಸಿದಳು. ಬೆಳಕಿಗೆ ಹಿಡಿದಳು. ಮತ್ತೆ ಬೆರಳಾಡಿಸಿದಳು.

“ಇಲ್ಲೇ ಇತ್ತಲ್ರೀ. ನನ್ನ ಹೆಸರು. ನಾ ಹುಟ್ಟೀನಂತ ಅವ್ವ ಕಾಗದ ಬರೆಸಿದಾಗ ಅಪ್ಪ ಮೊಳಿಲೆ ಕೆತ್ತಿದ್ನಂತ. ದವಾಖಾನ್ಯಾಗ ಸಿಕ್ಕ ಅವನ ಗೆಳೆಯ ಚೀಲ ತಂದುಕೊಟ್ಟು ಇದಷ್ಟs ಹೇಳಿದ್ದ. ಆ ಮೂರಕ್ಷರದ ಮ್ಯಾಲೆ ಬಟ್ಟಾಡಿಸಿನs ನಾ ಓದಾಕ ಕಲಿತೆ.”

“ಗೀರು ಅಂತ ತಿಳಿದು ನಾನs ಹೆರದೆ,” ಅಂದೆ.

ಮಾಸ್ತರರು ಮುಚ್ಚಳದ ಒಳಮೈಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. “ಏನಂತ ಗುರುತಿಸಿದಿ. ಯಾರದಂತ ಕೇಳಲಿಲ್ಲ,” ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಮೊಳೆ ಹಿಡಿದು, “ಎಲ್ಲಿತ್ತು ಹೇಳವಾ, ಹಂಗs ಕೆತ್ತಿ ಕೊಡತೀನಿ,” ಅಂತ ಬೇಡಿಕೊಂಡೆ.

ಬಾಳವ್ವ ಚೀಲವನ್ನು ಮತ್ತೆ ಸೆರಗಿನಲ್ಲಿ ಸುತ್ತಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಬ್ಯಾಡಣ್ಣ. ನೀ ಕೆತ್ತಿದ್ರ ಅದು ನಿನ್ನ ಅಕ್ಷರ ಆಗತೈತಿ. ನಮ್ಮಪ್ಪ ನನ್ನ ಹೆಸರು ಬರದಿದ್ದು ಒಂದs ಸಲ,” ಅಂದಳು.

ನೀತಿ: ಹಳೆಯ ವಸ್ತುವನ್ನು ಗುರುತಿಸುವುದು ವಿದ್ಯೆ, ಅದರ ಒಡೆಯರ ಮಾತನ್ನು ಪೂರ್ತಿ ಕೇಳುವುದು ಅದಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆ. ಬಲ್ಲೆನೆಂಬ ಹುಮ್ಮಸ್ಸಿನಲ್ಲಿ ಅಳಿಸಿದ್ದನ್ನು ಪಶ್ಚಾತ್ತಾಪವು ತಿರುಗಿ ಬರೆಯಲಾರದು.