ಮೊಣಕಾಲ ಮೇಲಿನ ನಿಂಬೆಹಣ್ಣು

“ಗುರುಗಳೇ, ಊಟವಾದ ಮೇಲೆ ಓಲೆ ನಕಲು ಮಾಡಲು ಕೂತರೆ ಕಣ್ಣು ಎಳೆಯುತ್ತದೆ. ನಡುವೆ ಮೈಮುರಿದರೆ ಹಿರಿಯರು ಗದರುತ್ತಾರೆ. ಅಲುಗಾಡದೆ ಕೂರುವುದೇ ಶಿಸ್ತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಅರಸನ ಬರಹದ ಮನೆಗೆ ಒಂದೇ ನಿಯಮವಿತ್ತು: ತೂಕಡಿಸುತ್ತ ಬರೆದ ಓಲೆ ಹೊಸ್ತಿಲು ದಾಟಬಾರದು. ಅಲ್ಲಿದ್ದವರೆಲ್ಲ ಅದನ್ನು ದಿನವೂ ಮುರಿಯುತ್ತಿದ್ದರು, ಒಬ್ಬನ ಹೊರತು.

ಎಚ್ಚರವನ್ನು ಅಳೆಯಲು ಅಲ್ಲಿನ ಯಜಮಾನ ಒಂದು ಉಪಾಯ ಹೂಡಿದ್ದ. ಚಕ್ಕಳಮಕ್ಕಳ ಹಾಕಿ ಕೂತ ಪ್ರತಿಯೊಬ್ಬ ಲಿಪಿಕಾರನ ಮೊಣಕಾಲ ಮೇಲೂ ಒಂದು ನಿಂಬೆಹಣ್ಣು. ಅದು ಬೀಳದಿದ್ದರೆ ಅವನು ಎಚ್ಚರವಾಗಿದ್ದಾನೆಂದು ಲೆಕ್ಕ. ಲಿಪಿಕಾರರು ಬಹುಬೇಗ ಕಲಿತರು: ಹಣ್ಣು ಬೀಳಿಸದೆ ನಿದ್ದೆ ಮಾಡುವುದನ್ನು.

ಆ ಒಬ್ಬ ಮಾತ್ರ ಕಲಿಯಲಿಲ್ಲ. ಓಲೆಯೊಂದು ಮುಗಿದಾಗಲೆಲ್ಲ ಅವನು ಬೆರಳು ಮಡಚಿ ಬಿಡಿಸುತ್ತಿದ್ದ, ಹೆಗಲು ತಿರುಗಿಸುತ್ತಿದ್ದ, ಕಾಲು ನೀಡಿ ಹಿಮ್ಮಡಿ ಒತ್ತುತ್ತಿದ್ದ. ಹಣ್ಣು ಉರುಳಿ ಯಜಮಾನನ ಕಾಲ ಬಳಿ ಹೋಗಿ ನಿಲ್ಲುತ್ತಿತ್ತು. “ಏನಯ್ಯಾ, ಬರೆಯೋಕೆ ಬಂದೆಯೋ, ಗರಡಿಗೆ ಬಂದೆಯೋ?” ಎಂದು ಪಕ್ಕದವರು ನಗುತ್ತಿದ್ದರು. ನಕ್ಕು, ಮತ್ತೆ ನಿದ್ದೆಗೆ ಜಾರುತ್ತಿದ್ದರು.

ಒಂದು ಮಧ್ಯಾಹ್ನ ಬಿಡುಗಡೆಯ ಅಪ್ಪಣೆ ಬಂತು. ಸೆರೆಯಲ್ಲಿದ್ದ ನಲವತ್ತು ಜನರ ಹೆಸರು ಅದರಲ್ಲಿತ್ತು. ಸೆರೆಮನೆಗೆ ಹೋಗುವ ಪ್ರತಿಯಲ್ಲಿ ಹೆಸರಿದ್ದವನಿಗೆ ಮಾತ್ರ ಬಾಗಿಲು ತೆರೆಯುವುದು. ಪ್ರತಿ ಮಾಡುವ ಕೆಲಸ ಪಕ್ಕದವನ ಪಾಲಿಗೆ ಬಂದಿತ್ತು. ಅದನ್ನು ಒಯ್ಯಲು ಕುದುರೆಯವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಕುತ್ತಿಗೆ ಹೊರಳಿಸುವಾಗ ಆ ಮೈಮುರಿಯುವವನ ಕಣ್ಣು ಪಕ್ಕದವನು ಬರೆದ ಪ್ರತಿಯ ಮೇಲೆ ಬಿತ್ತು. ಮೂಲದಲ್ಲಿದ್ದ ಮೂವರು ಅದರಲ್ಲಿ ಇರಲಿಲ್ಲ.

“ಯಜಮಾನರೇ, ಮೂವರ ಹೆಸರು ಬಿಟ್ಟುಹೋಗಿದೆ. ಇವನು ನಿದ್ದೆಗಣ್ಣಲ್ಲಿ ಬರೆದಿದ್ದಾನೆ.”

“ಅವನ ಹಣ್ಣು ಬಿದ್ದಿದೆಯೇ?”

“ಇಲ್ಲ.”

“ಹಾಗಾದರೆ ಅವನು ಎಚ್ಚರವಾಗಿಯೇ ಇದ್ದ. ಬಿದ್ದಿರುವುದು ನಿನ್ನದು. ಎತ್ತಿ ಇಟ್ಟುಕೊಂಡು ತೆಪ್ಪಗೆ ಕೂರು. ಇನ್ನೊಮ್ಮೆ ಅಲುಗಿದೆಯೋ, ಈ ಮನೆಯಲ್ಲಿ ನಿನಗೆ ಚಾಪೆಯಿಲ್ಲ.”

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು.

“ಅವನು ಕೂತನೇ?” ಶಿಷ್ಯ ಕೇಳಿದ.

“ತನ್ನ ಚಾಪೆಯನ್ನು ತಾನೇ ಸುತ್ತಿದ, ನಿಂತುಕೊಂಡೇ ಆ ಪ್ರತಿಯಲ್ಲಿ ಮೂವರ ಹೆಸರು ಬರೆದು ಕುದುರೆಯವನ ಕೈಗೆ ಕೊಟ್ಟ.”