ಕವಾಟದ ಸೆರಗು

ಹುಡುಗಿಯೊಬ್ಬಳ ಗಂಟಲಿಗೆ ರೋಗಾಣುಗಳು ನುಗ್ಗಿದವು. ಮೈಯ ಕಾವಲುಕಣಗಳು ಅವನ್ನೆಲ್ಲ ಕೊಂದವು. ಆದರೆ ಒಂದು ಕಣಕ್ಕೆ ಸುಮ್ಮನಿರಲಾಗಲಿಲ್ಲ. ಅದು ಹೃದಯಕ್ಕೆ ಹೋಗಿ ಅಲ್ಲಿನ ಕವಾಟವನ್ನು ಗದರಿತು.

"ಏಯ್, ನಿನ್ನ ಸೆರಗಿನ ಅಂಚು ಗಂಟಲಿಗೆ ಬಂದ ಕಳ್ಳರ ಅಂಚಿನ ಹಾಗೇ ಇದೆ!"

"ಅಂಚು ನೋಡಿ ಹೊಡೀತೀಯೇನೋ ತಮ್ಮಾ? ಮುಖ ನೋಡು. ಹುಟ್ಟಿದಾಗಿನಿಂದ ನನ್ನ ಮುಂದೆಯೇ ಓಡಾಡಿದವನು ನೀನು."

ಜಗಳ ಬಿಡಿಸುವುದೇ ಕೆಲಸವಾಗಿದ್ದ ಮುದಿಕಣವೊಂದು ಓಡಿಬಂತು. "ಸಾಕು ಮಾಡೋ! ಕಳ್ಳರು ಸತ್ತಾಯ್ತು. ಇವಳು ನಮ್ಮ ಮನೆಯವಳು."

"ನಿನಗೆ ಎಲ್ಲರೂ ಮನೆಯವರೇ ಅಜ್ಜಿ. ನಿನ್ನ ಮಾತು ಕೇಳಿದ್ದರೆ ಗಂಟಲು ಉಳಿಯುತ್ತಿತ್ತಾ?"

ಕಾವಲುಕಣದ ಹಿಂದೆಯೇ ಬಂದಿದ್ದ ಜೊತೆಗಾರರು ನಕ್ಕರು. ಎಲ್ಲ ಸೇರಿ ಕವಾಟಕ್ಕೆ ಹೊಡೆದರು. ಅದು ತಿರುಗಿ ಹೊಡೆಯಲಿಲ್ಲ. ರಕ್ತ ಬಂದಾಗ ತೆರೆಯಬೇಕು, ಹೋದಮೇಲೆ ಮುಚ್ಚಬೇಕು, ಅದಕ್ಕೆ ಬಿಡುವೆಲ್ಲಿ? ಹೊಡೆಸಿಕೊಳ್ಳುತ್ತಲೇ ತೆರೆಯಿತು, ಮುಚ್ಚಿತು. ಕಾಲ ಕಳೆದಂತೆ ಗಾಯಗಳು ಗಟ್ಟಿಯಾಗಿ, ಕವಾಟ ಸೆಟೆದುಕೊಂಡು ಪೂರ್ತಿ ತೆರೆಯದಾಯಿತು.

"ನೋಡು ಅಜ್ಜಿ, ಈಗ ಮನೆ ಎಷ್ಟು ಭದ್ರ!" ಎಂದಿತು ಕಾವಲುಕಣ.

ಹೊರಗೆ ಹುಡುಗಿ ಕುಂಟೆಬಿಲ್ಲೆಯ ಗೆರೆಯ ಪಕ್ಕ ಏದುಸಿರು ಬಿಡುತ್ತ ಕೂತು, ಗೆಳತಿಯರಿಗೆ ಹೇಳುತ್ತಿದ್ದಳು: "ನೀವು ಆಡ್ರೇ, ನಾನು ನೋಡ್ತೀನಿ."